ಪರದೆ ತೆಗೆದ ಜೀಪು

ಜೀಪು ಎಂಬ ಮಾತು ಕನ್ನಡದ್ದಲ್ಲ. ಸಂಸ್ಕೃತದ್ದಂತೂ ಅಲ್ಲವೇ ಅಲ್ಲ. ಆದರೂ ಅದನ್ನು ಅರಿಯದವರು ನಮ್ಮಲ್ಲಿ ಯಾರಿದ್ದಾರೆ? ಪರದೇಶದ ಶಬ್ದವೊಂದು ನಮ್ಮೂರಿಗೆ ಬಂದರೆ ಅದರ ಕೊನೆಗೆ ಒಂದು ಉಕಾರ ಹಚ್ಚಿ, ಜೀಪಿನ, ಜೀಪಿಗೆ, ಜೀಪಿನಲ್ಲಿ ಎಂದು ವಿಭಕ್ತಿ ಪ್ರತ್ಯಯಗಳನ್ನು ತೊಡಿಸಿಬಿಟ್ಟರೆ ಮುಗಿಯಿತು, ಅದು ನಮ್ಮ ಮನೆಯ ಕೂಸೇ ಆಗುತ್ತದೆ. ಇದರ ವ್ಯುತ್ಪತ್ತಿಯ ವಿಷಯದಲ್ಲಿ ಮಾತ್ರ ಬಲ್ಲವರಲ್ಲಿ ಒಮ್ಮತವಿಲ್ಲ. ‘ಎಲ್ಲ ಕೆಲಸಕ್ಕೂ ಒದಗುವ ಬಂಡಿ’ ಎಂಬರ್ಥದ ಎರಡು ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಾದ ಜೀ ಮತ್ತು ಪೀ ಕೂಡಿ ಜೀಪ್ ಆಯಿತೆಂದು ಕೆಲವರು ಹೇಳುತ್ತಾರೆ. ಅಲ್ಲ, 1936ರಲ್ಲಿ ಪಾಪೈ ಎಂಬ ನಾವಿಕನ ವ್ಯಂಗ್ಯಚಿತ್ರ ಕಥೆಯಲ್ಲಿ ಯೂಜೀನ್ ದಿ ಜೀಪ್ ಎಂಬ ವಿಚಿತ್ರ ಪ್ರಾಣಿಯೊಂದು ಬಂದಿತ್ತು, ಅದು ಎಲ್ಲಿ ಬೇಕೆಂದರಲ್ಲಿ ನುಸುಳಿ ಹೋಗಬಲ್ಲದಾಗಿತ್ತು, ಸಿಪಾಯಿಗಳು ತಮ್ಮ ಬಂಡಿಗೆ ಆ ಹೆಸರನ್ನೇ ಇಟ್ಟರು ಎಂದು ಇನ್ನು ಕೆಲವರು. ಮೊದಲನೆಯ ಕಥೆ ಪಂಡಿತರಿಗೆ ಒಪ್ಪುವಂಥದು, ಎರಡನೆಯದು ಸಿಪಾಯಿಗಳಿಗೆ. ಶಬ್ದಗಳನ್ನು ಹುಟ್ಟಿಸುವವರು ಹೆಚ್ಚಾಗಿ ಸಿಪಾಯಿಗಳೇ ಹೊರತು ಪಂಡಿತರಲ್ಲವಾದುದರಿಂದ, ಪಂಡಿತ ಪರೀಕ್ಷೆಗೆ ಓದಿದ ನಾನೂ ಎರಡನೆಯ ಕಡೆಗೇ ವಾಲುತ್ತೇನೆ.

ಈಗ ನಾನು ಹೇಳಹೊರಟಿರುವುದು ಬಟ್ಟೆಯ ಛಾವಣಿಯ ಜೀಪನ್ನು, ಅದರ ಕಿಟಕಿಯ ಪರದೆಗಳನ್ನೆಲ್ಲ ಬಿಚ್ಚಿಟ್ಟು ಓಡಿಸುವ ವಿಷಯವನ್ನು. ಇದೂ ಒಂದು ವಿಷಯವೇ ಎಂದು ರೇಡಿಯೋದ ಕಿವಿ ಹಿಂಡಬೇಡಿ. ನಮ್ಮ ಕಲಬುರಗಿಯಲ್ಲಿ ಈಚಿನ ಕೆಲವು ವರ್ಷಗಳಿಂದ ಇಂಥ ಗಾಡಿಗಳು ಹೆಚ್ಚಿವೆ. ಮಗ ಒಂದು ದಿನ ಬಟ್ಟೆಯ ಹೂಡಿನ ಗಾಡಿಯನ್ನು ತಂದು ಬಾಗಿಲಿಗೆ ನಿಲ್ಲಿಸುತ್ತಾನೆ, ಅಪ್ಪ ಕನ್ನಡಕ ಏರಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಇಷ್ಟು ಲಕ್ಷ ಕೊಟ್ಟು ಕಿಡಕಿ ಇಲ್ಲದ ಗಾಡಿ ತಂದೀಯೇನೋ?” ಎಂದು ಕೇಳುತ್ತಾನೆ. ಮಗನ ಉತ್ಸಾಹದಲ್ಲಿಯೂ ಅರ್ಥವಿದೆ, ಅಪ್ಪನ ಪ್ರಶ್ನೆಯಲ್ಲಿಯೂ ಅರ್ಥವಿದೆ. ಇಬ್ಬರ ನಡುವೆ ಕುಳಿತು ಎರಡು ಮಾತು ಹೇಳುವುದು ನನ್ನಂಥ ಮಾಸ್ತರರ ಕೆಲಸ.

ಈ ಗಾಡಿ ಕಿಟಕಿಯಿಲ್ಲದೆಯೇ ಹುಟ್ಟಿತು ಎಂಬುದನ್ನು ಮೊದಲು ನೆನಪಿನಲ್ಲಿಡಬೇಕು. 1940ರ ಬೇಸಗೆಯಲ್ಲಿ ಅಮೆರಿಕದ ಸೈನ್ಯವು 135 ಕಂಪನಿಗಳಿಗೆ ಪತ್ರ ಬರೆದು, ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಶಕ್ತಿ ಮುಟ್ಟುವ ಹಗುರವಾದ ಬಂಡಿಯೊಂದರ ಮಾದರಿಯನ್ನು 49 ದಿನಗಳಲ್ಲಿ ಮಾಡಿಕೊಡಬೇಕೆಂದು ಕೇಳಿತು. ಗಡುವಿಗೆ ಸರಿಯಾಗಿ ಬಂಡಿ ತಂದು ನಿಲ್ಲಿಸಿದ್ದು ಬಾಂಟಮ್ ಎಂಬ ಸಣ್ಣ ಕಂಪನಿ; ಮುಂದೆ ಅದನ್ನು ಲಕ್ಷಗಟ್ಟಲೆ ತಯಾರಿಸಿದ್ದು ಮಾತ್ರ ವಿಲ್ಲೀಸ್ ಮತ್ತು ಫೋರ್ಡ್ ಎಂಬ ದೊಡ್ಡ ಕಂಪನಿಗಳು. ಕಷ್ಟ ಒಬ್ಬರದು, ಫಲ ಮತ್ತೊಬ್ಬರದು. ಇದು ಎಲ್ಲ ದೇಶದಲ್ಲಿಯೂ ನಡೆಯುವುದೇ. 1945ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. ಅವುಗಳಿಗೆ ಬಾಗಿಲಿಲ್ಲ, ಕಿಟಕಿಯಿಲ್ಲ. ತಲೆಯ ಮೇಲೆ ಎರಡು ಕಮಾನು, ಅದರ ಮೇಲೊಂದು ಕ್ಯಾನ್ವಾಸು. ಮುಂದಿನ ಗಾಜನ್ನು ಸಹ ಬಾನೆಟ್ಟಿನ ಮೇಲೆ ಮಲಗಿಸಿಬಿಡಬಹುದಾಗಿತ್ತು. ಹಾಗೆ ಗಾಜು ಮಲಗಿಸಿ ಓಡಿಸುವಾಗ ಶತ್ರುಗಳು ರಸ್ತೆಗೆ ಅಡ್ಡಲಾಗಿ ಕಟ್ಟಿದ ತಂತಿಗಳು ಸವಾರರ ಕುತ್ತಿಗೆಗೆ ಬರುತ್ತಿದ್ದುದರಿಂದ, 1944ರಲ್ಲಿ ಯುರೋಪಿನ ರಣರಂಗದಲ್ಲಿ ಎಷ್ಟೋ ಜೀಪುಗಳ ಮುಂದೆ ತಂತಿ ಕತ್ತರಿಸುವ ಒಂದು ಕಬ್ಬಿಣದ ಕೋಲನ್ನು ನೆಟ್ಟಗೆ ನಿಲ್ಲಿಸಿದ್ದರು. ಈಗ ನಮ್ಮ ಊರುಗಳಲ್ಲಿ ಗಾಳಿಪಟದ ಮಾಂಜಾ ದಾರ ರಸ್ತೆಗೆ ಅಡ್ಡಬಿದ್ದು ಬೈಸಿಕಲ್, ಮೋಟರ್ ಸೈಕಲ್ ಸವಾರರ ಕೊರಳು ಕೊಯ್ಯುವುದನ್ನು ಪತ್ರಿಕೆಗಳಲ್ಲಿ ಓದುತ್ತೇವಲ್ಲ. ಆದುದರಿಂದ ಪಕ್ಕದ ಪರದೆ ತೆಗೆದರೂ ತೆಗೆಯಿರಿ, ಮುಂದಿನ ಗಾಜನ್ನು ಮಾತ್ರ ಮಲಗಿಸಬೇಡಿ.

ನಮ್ಮ ದೇಶದಲ್ಲಿ ಮುಂಬಯಿಯ ಮಹೀಂದ್ರ ಕಂಪನಿಯವರು 1940ರ ದಶಕದ ಕೊನೆಗೆ ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಜೋಡಿಸತೊಡಗಿದರು. ನಮ್ಮ ತಂದೆಯವರು ತಾವು ಜೀಪನ್ನು ಮೊದಲು ಕಂಡದ್ದು 1948ರ ಸೆಪ್ಟೆಂಬರಿನಲ್ಲಿ ಎಂದು ಹೇಳುತ್ತಿದ್ದರು. ಆಗ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದವರು. ಆ ತಿಂಗಳ 13ರಂದು ಹೊರಟ ಭಾರತದ ಸೇನೆಯ ಮುಖ್ಯ ಪಡೆ ಸೊಲ್ಲಾಪುರದಿಂದ ನಳದುರ್ಗ, ಹುಮನಾಬಾದಗಳ ಮೇಲೆ ಹೈದರಾಬಾದಿನತ್ತ ನಡೆಯಿತು. ಹತ್ತು ವರ್ಷದ ಹುಡುಗನ ಕಣ್ಣಿಗೆ ಬಿದ್ದದ್ದು ತೋಪುಗಳಲ್ಲ, ಧೂಳಿನಲ್ಲಿ ಮಿಂದು ಬಂದ, ಬಾಗಿಲೇ ಇಲ್ಲದ ಪುಟ್ಟ ಗಾಡಿ. “ಅದರಾಗ ಕುಂತವರ ಮಾರಿ ಕಾಣಸ್ತಿತ್ತು ನೋಡು” ಎಂದು ಅವರು ಹೇಳುತ್ತಿದ್ದರು. ಸಾಹೇಬರ ಮೋಟರುಗಳಲ್ಲಿ ಕುಳಿತವರ ಮುಖ ಅದುವರೆಗೆ ಯಾರಿಗೂ ಕಂಡಿರಲಿಲ್ಲ. ಈಗಲೂ ಗಣರಾಜ್ಯೋತ್ಸವದ ದಿನ ಬೆಂಗಳೂರಿನ ಮಾಣೆಕ್ ಷಾ ಮೈದಾನದಲ್ಲಿ ರಾಜ್ಯಪಾಲರು ತೆರೆದ ಜೀಪಿನಲ್ಲಿ ನಿಂತೇ ಕವಾಯತನ್ನು ನೋಡಿಕೊಂಡು ಬರುತ್ತಾರೆ. ಜನಕ್ಕೆ ಮುಖ ಕಾಣಬೇಕಾದಾಗ ಗಾಜು ಏರಿಸಿದ ಗಾಡಿ ಒದಗದು.

ಆಮೇಲೆ 1985ರ ಕೊನೆಗೆ ಮಾರುತಿ ಕಂಪನಿಯ ಜಿಪ್ಸಿ ಬಂದಿತು; 2010ರಲ್ಲಿ ಮಹೀಂದ್ರದ ಥಾರ್ ಬಂದಿತು; 2020ರ ಅಕ್ಟೋಬರ್ 2ರಂದು ಅದರ ಹೊಸ ಅವತಾರವಾಯಿತು. ಹುಡುಗರ ಹುಚ್ಚು ಹೆಚ್ಚಿದ್ದು ಈ ಕೊನೆಯ ಅವತಾರದಿಂದ. ಇಂಥ ಗಾಡಿಗಳಲ್ಲಿ ಗಟ್ಟಿ ಛಾವಣಿಯವೂ ಉಂಟು, ಬಟ್ಟೆಯ ಛಾವಣಿಯವೂ ಉಂಟು. ಬಟ್ಟೆಯದಾದರೆ ಬೆನ್ನಿಗೊಂದು, ಹಿಂಬದಿಯ ಎರಡು ಮಗ್ಗುಲಿಗೆ ಒಂದೊಂದು, ಹೀಗೆ ಮೂರು ಕಡೆ ಗಾಜಿನ ಬದಲಿಗೆ ಪಾರದರ್ಶಕವಾದ ಪ್ಲಾಸ್ಟಿಕ್ಕಿನ ಹಾಳೆಗಳಿರುತ್ತವೆ. ಜಿಪ್ಪು ಎಳೆದು, ಪಟ್ಟಿ ಬಿಚ್ಚಿ, ಅವನ್ನು ಕಳಚಿಬಿಡಬಹುದು. ಹಳೆಯ ಜೀಪುಗಳಾದರೆ ಮುಂದಿನ ಬಾಗಿಲೂ ಬಟ್ಟೆಯದೇ. ತಾಡಪತ್ರಿಯ ಅಂಚಿಗೆ ಗುಂಡಿ, ಬಕಲು. ಕಾಣಲೆಂದು ನಡುವೆ ಒಂದು ತುಣುಕು ಪ್ಲಾಸ್ಟಿಕ್ಕು.

ಛಾವಣಿ ಇದೆ, ಬದಿ ತೆರೆದಿದೆ: ಇದು ನಮ್ಮೂರಿಗೆ ಹೊಸದಲ್ಲ. ಕಲಬುರಗಿಯ ಕೋಟೆಯೊಳಗಿನ ಜಾಮಿಯಾ ಮಸೀದಿಯನ್ನು ನೀವು ನೋಡಿರಬೇಕು. ಅದರ ಶಾಸನದಲ್ಲಿ 1367ನೆಯ ಇಸವಿ ಇದೆ. ಬೇರೆಡೆಯ ದೊಡ್ಡ ಮಸೀದಿಗಳಲ್ಲಿ ನಡುವೆ ಬಯಲು ಅಂಗಳವಿದ್ದರೆ, ಇಲ್ಲಿ ಅಂಗಳವೇ ಇಲ್ಲ. ಇಡೀ ಕಟ್ಟಡಕ್ಕೆ ಗುಮ್ಮಟಗಳ ಛಾವಣಿ. ಬೆಳಕು, ಗಾಳಿಗಳು ಬರಬೇಕಾದುದು ಬದಿಯ ಅಗಲವಾದ ಕಮಾನುಗಳಿಂದ. ಈ ಸೀಮೆಯ ಬಿಸಿಲಲ್ಲಿ ತಲೆಗೆ ನೆರಳು, ಮೈಗೆ ಗಾಳಿ, ಇವೆರಡೇ ಮನುಷ್ಯನಿಗೆ ಬೇಕಾದುವು ಎಂದು ಆ ಕಾಲದ ಶಿಲ್ಪಿಗಳಿಗೆ ತೋರಿರಬೇಕೆಂದು ನಾನು ಎಣಿಸುತ್ತೇನೆ. ನಮ್ಮ ಹಿಂದಿನವರ ಸವಾರಿ ಬಂಡಿಯೂ ಇಂಥದೇ ಅಲ್ಲವೆ? ಮೇಲೆ ಬಿದಿರಿನ ಕಮಾನು, ಅದರ ಮೇಲೊಂದು ಚಾಪೆ. ಹಿಂದೆ ಮುಂದೆ ಬಯಲು. ಎತ್ತಿನ ಬದಲು ಎಂಜಿನ್ನು ಬಂದಿದೆ.

ಅದು ಬಂದುದರಿಂದ ಆದ ವ್ಯತ್ಯಾಸವನ್ನು ಮಾತ್ರ ತಿಳಿದಿರಬೇಕು. ಎತ್ತಿನ ಬಂಡಿಯಲ್ಲಿ ಗಾಳಿ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಜೀಪಿನಲ್ಲಿ ನಾವೇ ಗಾಳಿಗೆ ಹೋಗಿ ಡಿಕ್ಕಿ ಹೊಡೆಯುತ್ತೇವೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಇರುವ ಗಾಳಿಯ ಒತ್ತಡ 60ಕ್ಕೆ ಏರಿದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. 90ಕ್ಕೆ ಒಂಬತ್ತು ಪಟ್ಟು. ಇದು ವಿಜ್ಞಾನದ ಮಾಸ್ತರರು ಹಲಗೆಯ ಮೇಲೆ ಬರೆಯುವ ಲೆಕ್ಕ. ಆದರೆ ಮುಂದಿನ ಕಿಟಕಿ ತೆರೆದು, ಹಿಂದಿನ ಪರದೆಯನ್ನು ಮುಚ್ಚಿಯೇ ಇಟ್ಟು, ಹೆದ್ದಾರಿಯಲ್ಲಿ ಒಂದು ಸಲ ಹೋಗಿ ನೋಡಿ, ಹಲಗೆ ಬೇಕಾಗುವುದಿಲ್ಲ. ಹೊಕ್ಕ ಗಾಳಿಗೆ ಹೊರಡುವ ದಾರಿಯಿಲ್ಲದೆ ಛಾವಣಿಯ ಬಟ್ಟೆ ಪುಗ್ಗೆಯಂತೆ ಉಬ್ಬುತ್ತದೆ, ಕಮಾನುಗಳ ಮೇಲೆ ಪಟಪಟನೆ ಬಡಿದುಕೊಳ್ಳುತ್ತದೆ. ಹೊಲಿಗೆ ಸಡಿಲುವುದು ಹೀಗೆಯೇ. ತೆರೆದರೆ ಹಿಂದೆಯೂ ಮಗ್ಗುಲಿಗೂ ತೆರೆಯಬೇಕು.

ಕಲಬುರಗಿಯಿಂದ ಕಮಲಾಪುರಕ್ಕೆ ಹುಮನಾಬಾದ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್. ನನ್ನ ಅಕ್ಕನನ್ನು ಕೊಟ್ಟದ್ದು ಕಮಲಾಪುರಕ್ಕೆ. ಆದುದರಿಂದ ಈ ದಾರಿಯನ್ನು ನಾನು ಬಸ್ಸಿನಲ್ಲಿ, ಲಾರಿಯಲ್ಲಿ, ಸ್ಕೂಟರಿನಲ್ಲಿ ಎಷ್ಟು ಸಲ ಸವೆಸಿದ್ದೇನೋ ಲೆಕ್ಕವಿಲ್ಲ. ಆದರೆ ಅಳಿಯನ ತೆರೆದ ಗಾಡಿಯಲ್ಲಿ ಹೋದಾಗಲೇ ಈ ದಾರಿಗೆ ವಾಸನೆಗಳಿವೆ ಎಂದು ನನಗೆ ಗೊತ್ತಾದದ್ದು. ಕಪನೂರಿನ ಕೈಗಾರಿಕಾ ಪ್ರದೇಶ ದಾಟುವಾಗ ಬೇಳೆಯ ಮಿಲ್ಲುಗಳ ಹೊಟ್ಟಿನ ವಾಸನೆ. ಊರು ಹಿಂದೆ ಸರಿದ ಮೇಲೆ, ದೀಪಾವಳಿಯ ಸುಮಾರಿಗೆ, ಎರಡೂ ಕಡೆ ತೊಗರಿ ಹಳದಿ ಹೂ ಹೊತ್ತು ನಿಂತಿರುತ್ತದೆ. ಬೆಳಗಿನ ತಂಪಿನಲ್ಲಿ ಅದಕ್ಕೊಂದು ಹಸಿ ಪರಿಮಳ. ಎಳ್ಳಮಾಸಿ ಮುಗಿದು ಬಿಳಿಜೋಳ ಹಾಲುಗಟ್ಟಿದ ಮೇಲೆ ಯಾವುದೋ ಹೊಲದ ಬದುವಿನಲ್ಲಿ ಸೀತನಿ ಸುಡುವ ಹೊಗೆ ಗಾಡಿಯೊಳಗೇ ಬಂದು ಕರೆಯುತ್ತದೆ. ಮಹಾಗಾಂವ ಕ್ರಾಸಿನ ಹೋಟೆಲುಗಳಲ್ಲಿ ಮಿರ್ಚಿ ಭಜಿ ಕರಿಯುವ ಎಣ್ಣೆ. ಮುಂದೆ ನೆಲ ಇಳಿಜಾರಾಗಿ, ಕಮಲಾಪುರದ ಬಾಳೆಯ ತೋಟಗಳು ಬಂದಾಗ ಗಾಳಿಯೇ ಬೇರೆಯಾಗುತ್ತದೆ; ಒಂದು ಫರ್ಲಾಂಗಿನೊಳಗೆ ತೋಳಿನ ಮೇಲೆ ತೇವದ ತಂಪು ಬಂದು ಕುಳಿತುಕೊಳ್ಳುತ್ತದೆ. ಅಲ್ಲಿಯ ಕೆಂಪು ಬಾಳೆಹಣ್ಣಿಗೆ ಸರಕಾರದ ಭೌಗೋಳಿಕ ಗುರುತಿನ ಮುದ್ರೆ ದೊರೆತಿದೆ. ಸಾಮಾನ್ಯ ಬಾಳೆಗಿಂತ ಹೆಚ್ಚು ಕಾಲ ತೆಗೆದುಕೊಳ್ಳುವ ಈ ಬೆಳೆ ನೀರೂ ನೆರಳೂ ಇರುವಲ್ಲೇ ಏಕೆ ನಿಂತಿತೆಂಬುದು ಗಾಜು ಏರಿಸಿದ ಕಾರಿನಲ್ಲಿ ಹೋಗುವವನಿಗೆ ತಿಳಿಯುವುದು ಕಷ್ಟ. ದಾರಿಯಲ್ಲಿ ನಡೆಯುವವರು ನಿಮಗೆ ಕೈ ಎತ್ತುತ್ತಾರೆ, ನೀವೂ ಎತ್ತುತ್ತೀರಿ. “ಎಲ್ಲಿಗಿ ಹೊಂಟ್ರಿ ಮಾಸ್ತರ್ರ?” ಎಂಬ ಪ್ರಶ್ನೆಗೆ ಗಾಡಿ ನಿಲ್ಲಿಸದೆ ಉತ್ತರ ಕೊಡಬಹುದು.

ಇಷ್ಟು ಸುಖ. ಇನ್ನು ಧೂಳಿನ ಮಾತು. ನಮ್ಮದು ಕರಿಮಣ್ಣಿನ ಸೀಮೆ. ಬೀದರದ ಕಡೆ ಹೋದಂತೆ ಕೆಂಪು ಜಂಬಿಟ್ಟಿಗೆಯ ನೆಲ. ಹೆದ್ದಾರಿ ಬಿಟ್ಟು ಹೊಲದ ದಾರಿಗೆ ಇಳಿದಿರೋ, ಮುಂದೆ ಹೋಗುವ ಟ್ರ್ಯಾಕ್ಟರಿನ ಧೂಳೆಲ್ಲ ನಿಮ್ಮದೇ. ಅದಾದರೂ ಕಣ್ಣಿಗೆ ಕಾಣುತ್ತದೆ, ಹಿಂದೆ ಉಳಿದು ತಪ್ಪಿಸಿಕೊಳ್ಳಬಹುದು. ನಿಮ್ಮ ಗಾಡಿಯ ಗಾಲಿಗಳೇ ಎಬ್ಬಿಸಿದ ಧೂಳು ಹಿಂದಿನಿಂದ ನಿಮ್ಮ ಬೆನ್ನು ಹತ್ತಿ ಒಳಗೆ ಬರುವುದೇ ಸೋಜಿಗ. ಓಡುವ ಗಾಡಿಯ ಬೆನ್ನ ಹಿಂದೆ ಗಾಳಿ ತೆಳುವಾಗಿ ಒಂದು ಟೊಳ್ಳು ಉಂಟಾಗುತ್ತದೆ. ಆ ಟೊಳ್ಳನ್ನು ತುಂಬಲು ಸುತ್ತಲಿನ ಗಾಳಿ ಸುಳಿಸುಳಿದು ಬರುತ್ತದೆ, ಬರುವಾಗ ಧೂಳನ್ನೂ ಕರೆದು ತರುತ್ತದೆ. ಧೂಳು ಬಂದರೆ ಝಾಡಿಸಿಕೊಳ್ಳಬಹುದು. ಅದೇ ದಾರಿಯಲ್ಲಿ ಮತ್ತೊಂದು ಬರುತ್ತದೆ, ಅದನ್ನು ಹೇಳುವುದಕ್ಕಾಗಿಯೇ ನಾನು ಈ ವಿಷಯವನ್ನು ಎತ್ತಿಕೊಂಡದ್ದು.

ಅಕ್ಕನಿಗೆ ದಮ್ಮಿನ ತೊಂದರೆ. ತಿಂಗಳಿಗೊಮ್ಮೆ ಅವಳನ್ನು ಕಲಬುರಗಿಯ ವೈದ್ಯರಿಗೆ ತೋರಿಸಬೇಕು. ಅಳಿಯನ ಹತ್ತಿರ ಹರಾಜಿನಲ್ಲಿ ಕೊಂಡ ಹಳೆಯ ಪೆಟ್ರೋಲ್ ಗಾಡಿ. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಚಳಿಗಾಲದಲ್ಲಿ ಅಕ್ಕನಿಗೆ ಎದುರುಗಾಳಿ ತಾಗಬಾರದೆಂದು ಅವನು ಮುಂದಿನ ಕಿಟಕಿಗಳನ್ನೂ ಮಗ್ಗುಲಿನ ಪರದೆಗಳನ್ನೂ ಬಿಗಿಯಾಗಿ ಮುಚ್ಚಿ, ಉಸಿರು ಕಟ್ಟದಿರಲೆಂದು ಬೆನ್ನ ಹಿಂದಿನ ಪರದೆಯೊಂದನ್ನು ಮಾತ್ರ ಕಳಚಿ ಕರೆತರುತ್ತಿದ್ದನು. ಮಗನ ಮಮತೆಯಲ್ಲಿ ಕೊರತೆಯಿರಲಿಲ್ಲ. ಆದರೆ ಮಹಾಗಾಂವ ಕ್ರಾಸ್ ಬರುವಷ್ಟರಲ್ಲಿ ಅಕ್ಕನಿಗೆ ತಲೆನೋವು ಹತ್ತುತ್ತಿತ್ತು, ಕಲಬುರಗಿ ಮುಟ್ಟುವಷ್ಟರಲ್ಲಿ ವಾಕರಿಕೆ. “ಗಾಡ್ಯಾಗ ಕುಂತ್ರ ತಲಿ ಸಿಡೀತದ ತಮ್ಮಾ, ಹೊಟ್ಟಿ ತೊಳಸ್ತದ” ಎಂದು ಬಂದವಳೇ ನಮ್ಮ ಪಡಸಾಲೆಯಲ್ಲಿ ಮಲಗಿಬಿಡುತ್ತಿದ್ದಳು. ಗಂಟೆ ಕಳೆದರೆ ತಾನಾಗಿಯೇ ಸುಧಾರಿಸುತ್ತಿತ್ತು. ಒಬ್ಬರು ಪಿತ್ತ ಎಂದರು, ಒಬ್ಬರು ವಯಸ್ಸು ಎಂದರು, ಇನ್ನೊಬ್ಬರು ಹೊಸ ಸೊಸೆಯ ಕಾಲ್ಗುಣದ ತನಕ ಹೋದರು. ಹೀಗೆ ಮೂರು ತಿಂಗಳು ನಡೆಯಿತು.

ನಾಲ್ಕನೆಯ ತಿಂಗಳು ಗಾಡಿಯ ಬ್ರೇಕು ನೋಡಿಸಲೆಂದು ಅಳಿಯ ನಮ್ಮ ಬಡಾವಣೆಯ ಮುದಿ ಮಿಸ್ತ್ರಿಯ ಹತ್ತಿರ ನಿಲ್ಲಿಸಿದಾಗ ನಾನೂ ಅಲ್ಲಿದ್ದೆ. ಮಾತಿಗೆ ಮಾತು ಬಂದು ಅಕ್ಕನ ತಲೆನೋವಿನ ಸುದ್ದಿ ಹೊರಟಿತು. ಮಿಸ್ತ್ರಿ ಗಾಡಿಯ ಸುತ್ತ ಒಮ್ಮೆ ಬಗ್ಗಿ ನೋಡಿದನು.

“ಹಿಂದಿನ ಪರದಾ ಎಲ್ಲದಪ್ಪಾ?”

“ಅವ್ವಗ ಗಾಳಿ ಬೇಕಂತ ತಗದೀನ್ರಿ ಚಾಚಾ. ಬಾಜೂ ಮುಚ್ಚೀನಿ, ಥಂಡಿ ಹೊಡಿತದಂತ.”

“ಮಾಸ್ತರ್ರೇ, ಮನಿಯಿಂದ ಒಂದು ಊದಿನಕಡ್ಡಿ ತರ್ರಿ” ಎಂದನು ಮಿಸ್ತ್ರಿ.

ನಾನು ತಂದುಕೊಟ್ಟೆ. ಮಗ್ಗುಲುಗಳೆಲ್ಲ ಮುಚ್ಚಿದ್ದಂತೆಯೇ ಇರಲೆಂದು ಹೇಳಿ, ಅಳಿಯನಿಗೆ ರಿಂಗ್ ರಸ್ತೆಯಲ್ಲಿ ಗಾಡಿ ಓಡಿಸಲು ಹೇಳಿದನು. ನನ್ನನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ, ತೆರೆದ ಕಿಂಡಿಯ ಹತ್ತಿರ ಹೊತ್ತಿಸಿದ ಊದಿನಕಡ್ಡಿಯನ್ನು ಹಿಡಿದನು. ಗಾಡಿ ಮುಂದೆ ಹೋಗುತ್ತಿದೆ, ಹೊಗೆ ಹಿಂದಕ್ಕೆ ಹಾರಿಹೋಗಬೇಕು. ಹಾಗೆಂದು ನಾನು ಎಣಿಸಿದ್ದೆ. ಆದರೆ ಆ ನೀಲಿಯ ಎಳೆ ಒಂದು ಗಳಿಗೆ ತಡವರಿಸಿ, ತಿರುಗಿ, ನೇರವಾಗಿ ಒಳಕ್ಕೆ, ಅಳಿಯನ ತಲೆಯ ಕಡೆಗೆ ಹರಿಯಿತು.

“ಹೊರಗ ಹೋಗಬೇಕಾದ ಹೊಗಿ ಒಳಗ ಬರ್ಲಾಕತ್ತದ, ನೋಡ್ರಿ. ಊದಿನಕಡ್ಡಿದು ಕಣ್ಣಿಗಿ ಕಾಣಸ್ತದ. ಸೈಲೆನ್ಸರ್ ಹೊಗಿ ಕಾಣಸಂಗಿಲ್ಲ” ಎಂದನು ಮಿಸ್ತ್ರಿ.

ಗಾಡಿಯನ್ನು ಎತ್ತಿ ನೋಡಿದರೆ ಸೈಲೆನ್ಸರಿನ ಕೊಳವೆಯ ಜೋಡಣೆಯ ಹತ್ತಿರ ತುಕ್ಕು ತಿಂದು ಬೆರಳು ತೂರುವಷ್ಟು ತೂತು. ಹಿಂದಿನಿಂದ ಹೊರಬೀಳಬೇಕಾದ ಎಂಜಿನ್ನಿನ ಉಸಿರು ನಡುವೆಯೇ ಸೋರುತ್ತಿತ್ತು. ಬೆನ್ನ ಹಿಂದಿನ ಟೊಳ್ಳು ಅದನ್ನು ಎಳೆದುಕೊಂಡು, ತೆರೆದಿದ್ದ ಒಂದೇ ಕಿಂಡಿಯಿಂದ ಒಳಗೆ ತುಂಬುತ್ತಿತ್ತು. ಮುಂದೆ ಎಲ್ಲವೂ ಮುಚ್ಚಿದ್ದುದರಿಂದ ಅದನ್ನು ತಳ್ಳಿ ಹೊರಹಾಕುವ ಹೊಸ ಗಾಳಿಯೇ ಇರಲಿಲ್ಲ. ಆ ಸಂಜೆ ವೈದ್ಯರಿಗೆ ಈ ಮಾತು ಹೇಳಿದಾಗ ಅವರು ಬರೆಯುತ್ತಿದ್ದ ಲೇಖನಿಯನ್ನು ಕೆಳಗಿಟ್ಟರು. ಪೆಟ್ರೋಲಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತು ತಿರುಗುವ ಹಿಮೋಗ್ಲೋಬಿನ್ನಿಗೆ ಈ ಅನಿಲವೆಂದರೆ ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಒಲವು. ಒಮ್ಮೆ ಹಿಡಿದುಕೊಂಡಿತೆಂದರೆ ಸುಲಭಕ್ಕೆ ಬಿಡದು. ಮೊದಲು ತಲೆನೋವು, ಆಮೇಲೆ ವಾಕರಿಕೆ, ಮಂಪರು. ಮಂಪರು ಬಂದವನಿಗೆ ತನಗೆ ಏನಾಗುತ್ತಿದೆ ಎಂಬುದೇ ಹೊಳೆಯುವುದಿಲ್ಲ. ಮಗ್ಗುಲಲ್ಲಿ ಕುಳಿತ ರೋಗಿಗೆ ಆದದ್ದು ಗಾಡಿ ನಡೆಸುವವನಿಗೂ ಆಗುತ್ತಿರುತ್ತದೆ ಎಂಬುದನ್ನು ವೈದ್ಯರು ಎರಡು ಸಲ ಹೇಳಿದರು. ಇನ್ನೂ ದೂರದ ಪ್ರಯಾಣವಾಗಿದ್ದರೆ, ಹೈದರಾಬಾದಿನ ತನಕ ಹೋಗಬೇಕಾಗಿದ್ದರೆ ಎಂದು ಯೋಚಿಸಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಸೈಲೆನ್ಸರಿನ ಕೊಳವೆ ಬದಲಾಯಿತು. ಹಿಂದಿನ ಪರದೆ ಮುಚ್ಚಿತು, ಮುಂದಿನ ಕಿಟಕಿ ನಾಲ್ಕು ಬೆರಳಿನಷ್ಟು ತೆರೆಯಿತು. ಅಕ್ಕನಿಗೆ ತಲೆಗೊಂದು ಉಣ್ಣೆಯ ಶಾಲು. ಮರುತಿಂಗಳಿನಿಂದ ತಲೆನೋವು ಬರಲಿಲ್ಲ. ಸೊಸೆಯ ಕಾಲ್ಗುಣವೂ ತಂತಾನೇ ಸುಧಾರಿಸಿತು.

ಆದುದರಿಂದ ನಿಮ್ಮ ಮನೆಯಲ್ಲಿ ಇಂಥ ಗಾಡಿಯಿದ್ದರೆ ಇದೊಂದನ್ನು ಗೋಡೆಗೆ ಬರೆದು ಹಚ್ಚಿ: ಬೆನ್ನ ಹಿಂದಿನ ಪರದೆಯೊಂದನ್ನೇ ತೆಗೆದು, ಉಳಿದುದನ್ನು ಮುಚ್ಚಿ ಓಡಿಸಲೇಬಾರದು. ತೆಗೆದರೆ ಮೂರನ್ನೂ ತೆಗೆದು ಮುಂದಿನದನ್ನೂ ತೆರೆಯಬೇಕು, ಇಲ್ಲವೇ ಹಿಂದಿನದನ್ನು ಮುಚ್ಚಬೇಕು. ಡೀಸೆಲ್ ಗಾಡಿಯಲ್ಲಿ ಈ ಅನಿಲ ಕಡಮೆ, ಆದರೆ ಅದರ ಮಸಿಹೊಗೆ ದಮ್ಮಿನವರಿಗೆ ಒಳ್ಳೆಯದೇನಲ್ಲ. ಗಾಡಿ ನಿಲ್ಲಿಸಿ ಯಾರಿಗಾದರೂ ಕಾಯುವಾಗ, ಎಲ್ಲ ತೆರೆದಿದ್ದರೂ, ಎಂಜಿನ್ನು ಆರಿಸಿಬಿಡಿ. ಊದಿನಕಡ್ಡಿಯ ಪರೀಕ್ಷೆಯನ್ನು ಯಾರಾದರೂ ಮಾಡಬಹುದು. ಮಾಡುವವನು ಹಿಂದೆ ಕುಳಿತವನಾಗಿರಲಿ, ನಡೆಸುವವನಲ್ಲ. ಸುತ್ತ ಬಟ್ಟೆಯಿದೆ, ಕಿಡಿ ತಾಗದಂತೆ ಎಚ್ಚರವಿರಲಿ.

ಬಿಸಿಲಿನ ವಿಷಯಕ್ಕೆ ಬರೋಣ. ಹುಡುಗರ ಎಣಿಕೆ, ಬೇಸಗೆಯಲ್ಲಿ ಪರದೆ ತೆಗೆದರೆ ತಂಪು ಎಂದು. ಮುಂಜಾನೆ ಎಂಟರ ತನಕ ಅದು ನಿಜ, ಸಂಜೆ ಆರರ ಮೇಲೂ ನಿಜ. ಆದರೆ ಮೇ ತಿಂಗಳಿನ ಕಲಬುರಗಿಯ ಮಧ್ಯಾಹ್ನದಲ್ಲಿ ಉಷ್ಣಮಾನ 42, 43 ಡಿಗ್ರಿ ದಾಟುವುದುಂಟು. ನಮ್ಮ ಚರ್ಮದ ಬಿಸುಪು ಸುಮಾರು 35 ಡಿಗ್ರಿ. ಮೈಗಿಂತ ಗಾಳಿಯೇ ಬಿಸಿಯಾದ ಮೇಲೆ, ಬೀಸಿದಷ್ಟೂ ಅದು ಮೈಗೆ ಬಿಸಿಯನ್ನೇ ತರುತ್ತದೆ, ಕಮ್ಮಾರನ ತಿದಿಯಿದ್ದಂತೆ. ಬೆವರು ಆರುವುದರಿಂದ ಅಷ್ಟಿಷ್ಟು ತಂಪಾಗುವುದೇನೋ ಹೌದು. ಆದರೆ ಬೆವರು ಬಂದದ್ದೇ ಕಾಣದಂತೆ ಆರಿಹೋಗುವುದರಿಂದ ದೇಹದ ನೀರು ಎಷ್ಟು ಹೋಯಿತೆಂಬ ಅರಿವೇ ಆಗುವುದಿಲ್ಲ. ಬಾಯಾರಿಕೆಗೆ ಕಾಯದೆ ನೀರು ಕುಡಿಯಬೇಕು. ತಲೆಗೆ ನಮ್ಮ ಹಿರಿಯರ ರುಮಾಲಿಗಿಂತ ಮೇಲಾದದ್ದನ್ನು ನಾನು ಕಾಣೆ; ಟೊಪ್ಪಿಗೆ ಗಾಳಿಗೆ ಹಾರುತ್ತದೆ, ರುಮಾಲು ಹಾರುವುದಿಲ್ಲ. ಅದರ ಸೆರಗಿನಿಂದ ಕಿವಿ, ಮೂಗುಗಳನ್ನೂ ಮುಚ್ಚಬಹುದು. ಕಣ್ಣಿಗೆ ಮಾತ್ರ ಕನ್ನಡಕ ಬೇಕೇ ಬೇಕು. 60 ಕಿಲೋಮೀಟರ್ ವೇಗದಲ್ಲಿ ಒಂದು ಜೇನುಹುಳು ಕೂಡ ಕಲ್ಲೇ. ಮಧ್ಯಾಹ್ನಕ್ಕೆ ಹೋಗಲೇಬೇಕಾದರೆ ಪರದೆ ಏರಿಸಿ, ಒಳಗೆ ತಂಪು ಯಂತ್ರವಿದ್ದರೆ ಹಚ್ಚಿಕೊಂಡು ಹೋಗಿ. ಅದರಲ್ಲಿ ಪೌರುಷಕ್ಕೇನೂ ಕುಂದಿಲ್ಲ.

ಹುಡುಗರ ಬಗೆಗೆ ಮತ್ತೊಂದು ಮಾತು. ಛಾವಣಿ, ಪರದೆಗಳನ್ನೆಲ್ಲ ತೆಗೆದಾಗ ಸೀಟಿನ ಮೇಲೆ ನಿಂತು, ಕಮಾನು ಹಿಡಿದು, ಮೊಬೈಲಿನಲ್ಲಿ ಚಿತ್ರ ಹಿಡಿಸಿಕೊಳ್ಳುವ ಚಟ ಹತ್ತಿದೆ. ರಾಜ್ಯಪಾಲರು ನಿಂತು ಹೋಗುವ ಜೀಪು ನಡಿಗೆಯ ವೇಗದಲ್ಲಿ, ಸಪಾಟಾದ ಮೈದಾನದಲ್ಲಿ ಹೋಗುತ್ತದೆ. ಅದಕ್ಕೂ ಕಮಲಾಪುರದ ಇಳಿಜಾರಿನ ತಿರುವಿಗೂ ಅಂತರವಿದೆ. ಈ ಗಾಡಿಗಳು ನೆಲದಿಂದ ಎತ್ತರ, ಗಾಲಿಗಳ ನಡುವಿನ ಅಗಲ ಕಡಮೆ. ತಿರುವಿನಲ್ಲಿ ಜೋರಾಗಿ ಹೊರಳಿಸಿದರೆ ಮಗ್ಗುಲಾಗುವ ಸ್ವಭಾವದವು. ಬಟ್ಟೆಯ ಬದಿ ಯಾರನ್ನೂ ಒಳಗೆ ಹಿಡಿದಿಡುವುದಿಲ್ಲ. ಹಿಡಿದಿಡುವುದು ಬೆಲ್ಟು ಒಂದೇ. ಹಳೆಯ ಜೀಪುಗಳ ಹಿಂದಿನ ಅಡ್ಡ ಬೆಂಚುಗಳಲ್ಲಿ ಅದೂ ಇರುವುದಿಲ್ಲ. ಅಲ್ಲಿ ಮಕ್ಕಳನ್ನು ಕೂಡಿಸಿ ಪರದೆ ತೆಗೆದು ಓಡಿಸುವವರನ್ನು ಕಂಡರೆ ನನಗೆ ತರಗತಿಯ ಬೆತ್ತ ನೆನಪಾಗುತ್ತದೆ. ಇನ್ನು ಮುಚ್ಚಿದ ಗಾಡಿಯನ್ನು ತಂದು ತಗಡು ಕೊಯ್ಯಿಸಿ ತೆರೆದ ಜೀಪು ಮಾಡಿಸುವವರಿದ್ದಾರೆ. 1988ರ ಮೋಟಾರು ವಾಹನ ಕಾಯಿದೆ ಇದನ್ನು ಒಪ್ಪುವುದಿಲ್ಲ. ಕಂಪನಿಯವರೇ ಕಳಚುವಂತೆ ಮಾಡಿಕೊಟ್ಟದ್ದನ್ನು ಕಳಚುವುದು ಬೇರೆ, ಕೊಯ್ಯುವುದು ಬೇರೆ.

ಕಳಚಿದ ಪರದೆಗಳನ್ನು ಇಡುವುದೂ ಒಂದು ವಿದ್ಯೆ. ಪ್ಲಾಸ್ಟಿಕ್ಕಿನ ಹಾಳೆಯನ್ನು ಧೋತರದಂತೆ ಮಡಿಚಬಾರದು. ಮಡಿಕೆಯ ಗೆರೆ ಹೋಗುವುದೇ ಇಲ್ಲ, ಚಳಿಯಲ್ಲಿ ಅಲ್ಲಿಯೇ ಸೀಳುತ್ತದೆ. ನಡುವೆ ಹಳೆಯ ಮೆತ್ತನೆಯ ಸೀರೆ ಹಾಸಿ, ಚಾಪೆ ಸುತ್ತಿದಂತೆ ಸಡಿಲಾಗಿ ಸುತ್ತಿಡಬೇಕು. ಒರೆಸುವಾಗ ಒಣಬಟ್ಟೆ ಮುಟ್ಟಿಸಲೇಬಾರದು; ನಮ್ಮ ಕರಿಮಣ್ಣಿನ ಧೂಳಿನಲ್ಲಿ ಉಸುಕಿನ ಕಣಗಳಿರುತ್ತವೆ, ಒಣದಾಗಿ ತಿಕ್ಕಿದರೆ ಪರದೆಯೆಲ್ಲ ಗೀರಿಕೊಂಡು ಮಂಜು ಕವಿದಂತಾಗುತ್ತದೆ, ರಾತ್ರಿ ಎದುರಿನ ಗಾಡಿಯ ದೀಪ ಬಿದ್ದರೆ ಏನೂ ಕಾಣುವುದಿಲ್ಲ. ಮೊದಲು ನೀರು ಹೊಯ್ದು ಧೂಳು ಇಳಿಸಿ, ಆಮೇಲೆ ಒದ್ದೆ ಬಟ್ಟೆ. ಜಿಪ್ಪಿನ ಹಲ್ಲುಗಳಲ್ಲಿ ಧೂಳು ಕೂತರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಮೇಣದ ಬತ್ತಿಯನ್ನು ಒಂದೆರಡು ಸಲ ಎಳೆದರೆ ನಯವಾಗಿ ಓಡುತ್ತದೆ. ಬೇಸಗೆಯ ಎರಡು ತಿಂಗಳು ಪರದೆಗಳನ್ನು ತೆಗೆದೇ ಇಟ್ಟರೆ ಛಾವಣಿಯ ಬಟ್ಟೆ ಬಿಸಿಲಿಗೆ ಕುಗ್ಗಿ, ಮತ್ತೆ ಕೂಡಿಸಹೋದಾಗ ಜಿಪ್ಪಿನ ಎರಡು ಅಂಚುಗಳು ಒಂದನ್ನೊಂದು ಮುಟ್ಟಲೊಲ್ಲವು. ಅದಕ್ಕೆ ಹದಿನೈದು ದಿನಕ್ಕೊಮ್ಮೆ ಕೂಡಿಸಿ, ಒಂದು ರಾತ್ರಿ ಹಾಗೆಯೇ ಬಿಟ್ಟು, ಮತ್ತೆ ತೆಗೆಯುವುದು ಅಳಿಯನ ರೂಢಿ.

ಮಳೆಯ ಮಾತು ಉಳಿಯಿತು. ನಮ್ಮಲ್ಲಿ ರೋಹಿಣಿ, ಮೃಗಶಿರಾ ಮಳೆಗಳು ಹೇಳಿ ಕೇಳಿ ಬರುವುವಲ್ಲ. ಗಾಳಿ ಎದ್ದು, ಧೂಳು ಎದ್ದು, ಹತ್ತು ನಿಮಿಷದಲ್ಲಿ ದಪ್ಪ ಹನಿ. ಪರದೆಗಳನ್ನು ಮನೆಯ ಅಟ್ಟದ ಮೇಲೆ ಇಟ್ಟು ಬಂದವನಿಗೆ ಆಗ ಮರದ ಬುಡವೇ ಗತಿ, ಸಿಡಿಲಿನ ಹೊತ್ತಿನಲ್ಲಿ ಅದೂ ತಕ್ಕದ್ದಲ್ಲ. ಜೂನ್ ಬಂದಿತೆಂದರೆ ಸುತ್ತಿದ ಪರದೆಗಳು ಗಾಡಿಯ ಹಿಂದಿನ ಸೀಟಿನ ಕೆಳಗೇ ಇರಬೇಕು. ಮೂರನ್ನೂ ಕೂಡಿಸಲು ಅಳಿಯನಿಗೆ ಆರು ನಿಮಿಷ ಬೇಕು, ನನಗೆ ಹದಿನೈದು. ಮೋಡ ಮಹಾಗಾಂವದ ಮೇಲೆ ಕಂಡಾಗಲೇ ನಾನು ಗಾಡಿ ನಿಲ್ಲಿಸಿ ಇಳಿಯುತ್ತೇನೆ.